ಕೈ ಕಟ್ಟು, ಬಾಯಿ ಮುಚ್ಚು

(ಶಿಕ್ಷಕರು ಮತ್ತು ಪೋಷಕರನ್ನು ಉದ್ದೇಶಿಸಿದ ಉಪನ್ಯಾಸದ ಬರಹರೂಪ)



ಕನ್ನಡ ನಾಡಿನ ಯಾವುದೇ ಪ್ರಾಥಮಿಕ ಶಾಲೆಯ ಬಾಗಿಲಲ್ಲಿ ಐದು ನಿಮಿಷ ನಿಂತರೆ ಒಂದು ಆಜ್ಞೆ ಕಿವಿಗೆ ಬೀಳುತ್ತದೆ: 'ಕೈ ಕಟ್ಟು, ಬಾಯಿ ಮುಚ್ಚು'. ಮೇಷ್ಟರು ಒಳಗೆ ಬರುವಾಗ ಈ ಮಾತು, ಹೊರಗೆ ಹೋಗುವಾಗ ಇದೇ ಮಾತು. ಅವರಿಲ್ಲದ ಹೊತ್ತಿನಲ್ಲಿ ತರಗತಿಯ ಮಾನಿಟರ್ ಬಾಯಲ್ಲೂ ಇದೇ. ಮಾತಾಡಿದವರ ಹೆಸರನ್ನು ಕಪ್ಪು ಹಲಗೆಯ ಮೂಲೆಯಲ್ಲಿ ಬರೆದಿಡುವುದು ಮಾನಿಟರನ ಮುಖ್ಯ ಕೆಲಸ. ಮಾತಾಡುವುದು ತಪ್ಪು, ಆ ತಪ್ಪಿಗೆ ದಾಖಲೆ ಉಂಟು, ದಾಖಲೆಯಾದ ಮೇಲೆ ಶಿಕ್ಷೆ ಉಂಟು ಎಂಬ ಪಾಠ ಮಗುವಿಗೆ ಅ ಆ ಇ ಈ ತಿದ್ದುವ ವಯಸ್ಸಿನಲ್ಲೇ ಆಗಿಬಿಡುತ್ತದೆ.

ಮನೆಯ ಮಾತೂ ಇದಕ್ಕೆ ಹೊಂದಿಕೊಂಡೇ ಇದೆ. ಎದುರುತ್ತರ, ತಲೆಹರಟೆ, ಅಧಿಕಪ್ರಸಂಗ, ಸಣ್ಣ ಬಾಯಲ್ಲಿ ದೊಡ್ಡ ಮಾತು - ಇವೆಲ್ಲ ಮಕ್ಕಳಿಗಾಗಿಯೇ ಮೀಸಲಿಟ್ಟ ಬೈಗುಳಗಳು. ಇವುಗಳಲ್ಲಿ ಒಂದು ಸ್ವಾರಸ್ಯವಿದೆ. ಮಗು ಹೇಳಿದ್ದು ಸರಿಯೋ ತಪ್ಪೋ ಎಂಬ ವಿಚಾರಣೆಗೆ ಈ ಪದಗಳು ಹೋಗುವುದೇ ಇಲ್ಲ. ಹೇಳಿದ್ದೇ ತಪ್ಪು ಎಂದು ಮೊದಲೇ ತೀರ್ಮಾನವಾಗಿರುತ್ತದೆ. ಇಂಥ ನಾಡಿನಲ್ಲಿ 'ಶಾಲೆಯಲ್ಲಿ ಮಗುವಿಗೆ ವಾಕ್ ಸ್ವಾತಂತ್ರ್ಯ' ಎಂದರೆ ಹಲವರಿಗೆ ನಗು ಬರಬಹುದು, ಕೆಲವರಿಗೆ ಸಿಟ್ಟೂ ಬರಬಹುದು. ಆದರೆ ಈ ಹಕ್ಕು ಇಂದು ದೇಶದ ಕಾನೂನಿನಲ್ಲಿ ಬರೆದಿಟ್ಟ ಮಾತಾಗಿದೆ. ಅದು ಏನು, ಎಷ್ಟು, ಮತ್ತು ಅದು ಇಲ್ಲದಿದ್ದರೆ ಆಗುವ ನಷ್ಟವೇನು ಎಂಬುದನ್ನು ತಿಳಿಯುವುದು ಅಗತ್ಯ.

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯನ್ನು ಎದುರಿಗಿಟ್ಟುಕೊಂಡು ಈ ವಿಷಯ ಮಾತಾಡುವುದಕ್ಕೆ ಕಾರಣವಿದೆ. ಒಮ್ಮೆ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದ್ದ ಈ ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂತು. ಹೆಸರು ಬದಲಾದರೂ ನೆಲದ ಗುಣ ಬದಲಾಗುವುದಿಲ್ಲ. ಅಕ್ಷರಕ್ಕೆ ಗೌರವ ಕೊಟ್ಟ ನೆಲ ಇದು. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಎರಡನ್ನೂ ನೀಡಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮೀಜಿ ಹುಟ್ಟಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. ಆದಿಚುಂಚನಗಿರಿಯ ಹೆಸರಿನಲ್ಲಿ ನಾಡಿನುದ್ದಕ್ಕೂ ಶಾಲೆ ಕಾಲೇಜುಗಳನ್ನು ತೆರೆದ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿ ರಾಮನಗರ ತಾಲ್ಲೂಕಿನ ಬಾನಂದೂರಿನವರು. ಕನಕಪುರದಲ್ಲಿ ಗಾಂಧೀವಾದಿ ಎಸ್. ಕರಿಯಪ್ಪನವರು ಹಳ್ಳಿಯ ಮಕ್ಕಳಿಗಾಗಿಯೇ ವಿದ್ಯಾಸಂಸ್ಥೆ ಕಟ್ಟಿದರು. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿ ಪ್ರಪಂಚದ ಮಕ್ಕಳ ಕೈಗೆ ಬೊಂಬೆ ಕೊಟ್ಟರು. ಇಷ್ಟೆಲ್ಲ ಇದ್ದ ಇದೇ ಸೀಮೆಯಲ್ಲಿ, ರೇಷ್ಮೆಯ ಉದ್ಯಮದೊಳಗೆ, ಶಾಲೆಯನ್ನೇ ಕಾಣದೆ ದುಡಿದ ಮಕ್ಕಳೂ ಇದ್ದರು. ಅವರ ವಿಷಯ ಮುಂದೆ ಬರುತ್ತದೆ.

ಮೊದಲು ಒಂದು ತಪ್ಪು ಕಲ್ಪನೆ ಕಳೆಯಬೇಕು. ಮಕ್ಕಳು ಪ್ರಶ್ನೆ ಕೇಳುವುದು ಪರದೇಶದಿಂದ ಬಂದ ಚಾಳಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ನಿಜವಲ್ಲ. ಕಠೋಪನಿಷತ್ತು ಆರಂಭವಾಗುವುದೇ ಒಬ್ಬ ಹುಡುಗನ ಪ್ರಶ್ನೆಯಿಂದ. ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಡುತ್ತಿದ್ದ ತಂದೆಯನ್ನು ನಚಿಕೇತ ಬಿಡದೆ ಪ್ರಶ್ನಿಸಿದ. ತಂದೆಗೆ ಸಿಟ್ಟು ಬಂತು. ಆ ಸಿಟ್ಟಿನಿಂದ ಹುಡುಗ ಯಮನ ಮನೆ ಸೇರಿದ. ಸಾಕ್ಷಾತ್ ಯಮನೇ ಅವನನ್ನು ಮೂರು ರಾತ್ರಿ ಕಾಯಿಸಿದ್ದಕ್ಕೆ ಪರಿತಪಿಸಿ ವರ ಕೊಟ್ಟ, ಅವನ ಪ್ರಶ್ನೆಗಳನ್ನು ಮೆಚ್ಚಿಕೊಂಡ. ಪ್ರಹ್ಲಾದನ ಕಥೆಯಂತೂ ಶಾಲೆಯೊಳಗೇ ನಡೆಯುವ ಕಥೆ. 1983ರಲ್ಲಿ ತೆರೆಕಂಡ 'ಭಕ್ತ ಪ್ರಹ್ಲಾದ' ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಮತ್ತು ಅವರ ಮಗ ಪುನೀತ್ ಎದುರುಬದುರಾಗಿ ನಿಂತದ್ದನ್ನು ಕನ್ನಡಿಗರು ಮರೆತಿಲ್ಲ. ಭಾಗವತದ ಪ್ರಕಾರ ಹಿರಣ್ಯಕಶಿಪು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಶಾಲೆಯಲ್ಲಿ ಕಲಿತದ್ದೇನು ಎಂದು ಕೇಳಿದ. ಮಗು ತಾನು ನಂಬಿದ್ದನ್ನು ಹೇಳಿತು. ಕೂಡಲೇ ಗುರುಗಳಾದ ಶಂಡಾಮರ್ಕರ ಮೇಲೆ ಸಂಶಯ ಬಂತು, ಮಗುವಿಗೆ ಶಿಕ್ಷೆಯಾಯಿತು. ಗುರುಗಳು ಹೊರಗೆ ಹೋದ ಬಿಡುವಿನ ಹೊತ್ತಿನಲ್ಲಿ ಪ್ರಹ್ಲಾದ ತನ್ನ ಸಹಪಾಠಿಗಳೊಡನೆ ಅದೇ ಮಾತನ್ನು ಮುಂದುವರಿಸಿದ. ಈ ಕಥೆಯನ್ನು ಭಕ್ತಿಯಿಂದ ಕೇಳುವ ಜನರೇ, ತಮ್ಮ ಮಗ ಎದುರು ನಿಂತು ಮಾತಾಡಿದರೆ ಹಿರಣ್ಯಕಶಿಪುವಿನ ಪಕ್ಷ ಸೇರಿಬಿಡುತ್ತಾರೆ.

ಹಳ್ಳಿಗಳಲ್ಲಿಯೂ ಮಕ್ಕಳ ಬಾಯಿಗೆ ಒಂದು ಜಾಗವಿತ್ತು. ಒಗಟು ಅದಕ್ಕೆ ಒಳ್ಳೆಯ ಉದಾಹರಣೆ. ಒಗಟು ಹಾಕಿದ್ದು ಮೊಮ್ಮಗುವಾದರೂ ಅಜ್ಜ ಬಿಡಿಸಬೇಕು, ಬಿಡಿಸಲಾಗದಿದ್ದರೆ ಸೋತೆನೆಂದು ಒಪ್ಪಬೇಕು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವನ್ನು ನೋಡಿದವರಿಗೆ ಈ ಜಗತ್ತಿನ ಪರಿಚಯ ಇದ್ದೇ ಇರುತ್ತದೆ. ಆದರೆ ಜಗಲಿಯ ಮೇಲಿನ ಈ ಸಲಿಗೆ ಶಾಲೆಯ ಹೊಸಿಲು ದಾಟಿ ಒಳಗೆ ಬರಲಿಲ್ಲ. ಹಿಂದಿನ ಕೂಲಿ ಮಠಗಳಲ್ಲಿ ಮಗುವಿನ ಬಾಯಿ ಇದ್ದದ್ದು ಮಗ್ಗಿ ಒಪ್ಪಿಸುವುದಕ್ಕೆ. ತಪ್ಪಿದರೆ ಬೆತ್ತ, ಬಸ್ಕಿ, ಕೆಲವೆಡೆ ಹಗ್ಗದಿಂದ ನೇತುಹಾಕುವ ಕೋದಂಡ. ಬ್ರಿಟಿಷರ ಕಾಲದ ಶಾಲೆಗಳು ಪಠ್ಯ ಬದಲಿಸಿದವು, ಬೆತ್ತ ಬದಲಿಸಲಿಲ್ಲ. ಇದಕ್ಕೆ ಹೊರತಾದ ಪ್ರಯತ್ನಗಳು ಅಲ್ಲಲ್ಲಿ ನಡೆದಿವೆ. ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ, ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಆಟ, ನಾಟಕ, ಕುತೂಹಲಗಳನ್ನೇ ಕಲಿಕೆಯ ದಾರಿಯೆಂದು ತಿಳಿದು ಕೆಲಸ ಮಾಡಿದರು. ಆದರೆ ಅವು ಒಬ್ಬೊಬ್ಬ ವ್ಯಕ್ತಿಯ ಶ್ರದ್ಧೆಯಿಂದ ನಡೆದವು. ಕಾನೂನು ಅವುಗಳ ಬೆನ್ನಿಗಿರಲಿಲ್ಲ.

ಜಗತ್ತಿನಲ್ಲಿ ಈ ವಿಚಾರವನ್ನು ಕಾನೂನಿನ ಬಾಗಿಲಿಗೆ ತಂದವರಲ್ಲಿ ಪೋಲೆಂಡಿನ ವೈದ್ಯ ಯಾನುಶ್ ಕೊರ್ಚಾಕ್ ಮುಖ್ಯರು. ವಾರ್ಸಾದಲ್ಲಿ ಅವರು ನಡೆಸುತ್ತಿದ್ದ ಅನಾಥಾಲಯದಲ್ಲಿ ಮಕ್ಕಳದೇ ನ್ಯಾಯಾಲಯವಿತ್ತು. ಅಲ್ಲಿ ದೊಡ್ಡವರ ಮೇಲೂ ದೂರು ಕೊಡಬಹುದಿತ್ತು. ಸ್ವತಃ ಕೊರ್ಚಾಕರೂ ಅದರ ಮುಂದೆ ನಿಂತದ್ದುಂಟು. 1942ರಲ್ಲಿ ನಾಜಿಗಳು ಆ ಮಕ್ಕಳನ್ನು ಸಾವಿನ ಶಿಬಿರಕ್ಕೆ ಒಯ್ದಾಗ ಕೊರ್ಚಾಕ್ ಅವರನ್ನು ಬಿಡದೆ ಜೊತೆಯಲ್ಲೇ ಹೋಗಿ ಪ್ರಾಣ ಬಿಟ್ಟರು. ಅವರ ದೇಶವಾದ ಪೋಲೆಂಡೇ 1978ರಲ್ಲಿ ಮಕ್ಕಳ ಹಕ್ಕುಗಳಿಗಾಗಿ ಒಂದು ಅಂತರರಾಷ್ಟ್ರೀಯ ಒಡಂಬಡಿಕೆ ಬೇಕೆಂದು ವಿಶ್ವಸಂಸ್ಥೆಯ ಮುಂದೆ ಕರಡು ಇಟ್ಟಿತು. 1989ರ ನವೆಂಬರ್ 20ರಂದು ಆ ಒಡಂಬಡಿಕೆ ಅಂಗೀಕಾರವಾಯಿತು. ಭಾರತ 1992ರ ಡಿಸೆಂಬರ್ 11ರಂದು ಅದಕ್ಕೆ ಸೇರಿತು. ಅದರ 12ನೆಯ ವಿಧಿ ಹೀಗೆ ಸಾರುತ್ತದೆ: ತನ್ನದೇ ಅಭಿಪ್ರಾಯ ತಳೆಯಬಲ್ಲ ಮಗುವಿಗೆ, ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಅದನ್ನು ಹೇಳುವ ಹಕ್ಕಿದೆ, ಆ ಅಭಿಪ್ರಾಯಕ್ಕೆ ಮಗುವಿನ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕ ಬೆಲೆ ಸಿಗಬೇಕು. ಮಗು ಹೇಳಿದ್ದೆಲ್ಲ ನಡೆಯಬೇಕೆಂದು ಇದರ ಅರ್ಥವಲ್ಲ. ಕೇಳಬೇಕು, ತೂಗಿ ನೋಡಬೇಕು ಎಂದು ಅರ್ಥ.

ಇನ್ನು ನಮ್ಮ ಸಂವಿಧಾನ. 326ನೆಯ ವಿಧಿ ಮತದಾನಕ್ಕೆ 18 ವರ್ಷ ತುಂಬಿರಬೇಕೆನ್ನುತ್ತದೆ. ಆದರೆ ವಾಕ್ ಸ್ವಾತಂತ್ರ್ಯ ಕೊಡುವ 19(1)(ಎ) ವಿಧಿಯಲ್ಲಿ ವಯಸ್ಸಿನ ಮಾತೇ ಇಲ್ಲ. ಅದು ಎಲ್ಲ ನಾಗರಿಕರಿಗೂ ಸೇರಿದ್ದು. ಈ ಸ್ವಾತಂತ್ರ್ಯವನ್ನು ಯಾವ ಕಾರಣಗಳಿಗೆ ಮಿತಿಗೊಳಿಸಬಹುದು ಎಂಬ ಪಟ್ಟಿ 19(2)ರಲ್ಲಿದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನನಷ್ಟ ಮುಂತಾದವು ಅಲ್ಲಿವೆ. ಮುಖ್ಯೋಪಾಧ್ಯಾಯರ ಅಸಮಾಧಾನ ಆ ಪಟ್ಟಿಯಲ್ಲಿಲ್ಲ.

ಇದನ್ನು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ್ದು ಕೇರಳದ ಮೂವರು ಮಕ್ಕಳ ಮೊಕದ್ದಮೆಯಲ್ಲಿ. ಒಂದೇ ಮನೆಯ ಈ ಮೂವರು 10, 9 ಮತ್ತು 5ನೆಯ ತರಗತಿಗಳಲ್ಲಿ ಓದುತ್ತಿದ್ದರು. ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ತಮ್ಮ ಧಾರ್ಮಿಕ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. 1985ರ ಜುಲೈನಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಬಿಜೋ ಇಮ್ಯಾನುಯೆಲ್ ಮೊಕದ್ದಮೆ ಎಂದೇ ಹೆಸರಾದ ಇದರಲ್ಲಿ 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರು ತೀರ್ಪು ಬರೆದರು. ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಇಲಾಖೆಯ ಸುತ್ತೋಲೆ ಕಾನೂನಾಗುವುದಿಲ್ಲ, ಆದ್ದರಿಂದ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕು ಎಂಬುದು ಅದರ ಸಾರ. ಮಾತಾಡುವ ಸ್ವಾತಂತ್ರ್ಯದಲ್ಲಿ ಸುಮ್ಮನಿರುವ ಸ್ವಾತಂತ್ರ್ಯವೂ ಅಡಗಿದೆ ಎಂಬುದು ಆ ತೀರ್ಪಿನಿಂದ ತಿಳಿದ ಪಾಠ. ಬಾಯಿ ಮುಚ್ಚಿಸುವುದು ಎಷ್ಟು ತಪ್ಪೋ, ಬಲವಂತವಾಗಿ ಬಾಯಿ ಬಿಡಿಸುವುದೂ ಅಷ್ಟೇ ತಪ್ಪು.

ಅಮೆರಿಕದಲ್ಲಿ ಇಂಥದೇ ಪ್ರಶ್ನೆ ಇದಕ್ಕೂ ಹಿಂದೆ ಎದ್ದಿತ್ತು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ 1965ರ ಡಿಸೆಂಬರ್‌ನಲ್ಲಿ ಕೆಲವು ವಿದ್ಯಾರ್ಥಿಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಶಾಲೆಗೆ ಹೋದರು. ಶಾಲೆ ಅವರನ್ನು ಮನೆಗೆ ಕಳಿಸಿತು. 1969ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಮಕ್ಕಳ ಪರವಾಗಿ ತೀರ್ಪಿತ್ತು, ಒಂದು ಅಳತೆಗೋಲನ್ನೂ ಕೊಟ್ಟಿತು: ಮಗುವಿನ ಮಾತಿನಿಂದ ಪಾಠಪ್ರವಚನಕ್ಕೆ ನಿಜವಾಗಿ ಗಣನೀಯ ಅಡ್ಡಿಯಾಗುತ್ತದೆಯೆ? ಆಗುವುದಾದರೆ ತಡೆಯಬಹುದು. ಕೇವಲ ದೊಡ್ಡವರಿಗೆ ಇರುಸುಮುರುಸು ಆಗುತ್ತದೆ ಎಂಬುದು ತಡೆಯಲು ಕಾರಣವಾಗದು. ಗದ್ದಲ ಬೇರೆ, ಅಭಿಪ್ರಾಯ ಬೇರೆ ಎಂಬ ಈ ವಿವೇಕ ಯಾವ ದೇಶದ ಮೇಷ್ಟರಿಗಾದರೂ ಉಪಯೋಗಕ್ಕೆ ಬರುವಂಥದು.

2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆ ಈ ವಿಷಯವನ್ನು ತರಗತಿಯ ಒಳಕ್ಕೇ ತಂದಿತು. ಅದರ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 29ನೆಯ ಕಲಂನಲ್ಲಿ ಅಕ್ಕಪಕ್ಕದಲ್ಲೇ ಎರಡು ಉಪಕಲಂಗಳಿವೆ. ಒಂದು, ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕು ಎನ್ನುತ್ತದೆ. ಅದರ ಮುಂದಿನದು, ಮಗುವನ್ನು ಭಯ, ಆಘಾತ, ಆತಂಕಗಳಿಂದ ಬಿಡಿಸಿ, ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎನ್ನುತ್ತದೆ. ಈ ಎರಡೂ ಅಕ್ಕಪಕ್ಕ ಬಂದದ್ದು ಆಕಸ್ಮಿಕವಿರಬಹುದು, ಆದರೆ ಅರ್ಥಪೂರ್ಣ. ಬಾರದ ಭಾಷೆಯಲ್ಲಿ ಮಗು ಪ್ರಶ್ನೆ ಕೇಳುವುದಾದರೂ ಹೇಗೆ? ಕನ್ನಡದಲ್ಲಿ ಮಾತಾಡಿದ್ದಕ್ಕೆ ದಂಡ ಹಾಕುವ ಖಾಸಗಿ ಶಾಲೆಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ದೂರು ಬಂದಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ವೇಲ್ಸ್ ಭಾಷೆ ಆಡಿದ ಮಗುವಿನ ಕೊರಳಿಗೆ ಮರದ ತುಂಡು ಕಟ್ಟುತ್ತಿದ್ದರು. ಕೆನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ತಮ್ಮ ಬಾಲ್ಯದ ಶಾಲೆಯಲ್ಲಿ ಗಿಕುಯು ಆಡಿದವರಿಗೆ ಆಗುತ್ತಿದ್ದ ಅವಮಾನವನ್ನು ದಾಖಲಿಸಿದ್ದಾರೆ. ಚನ್ನಪಟ್ಟಣ, ರಾಮನಗರಗಳಲ್ಲಿ ಉರ್ದು ಮನೆಮಾತಿನ ಮಕ್ಕಳು ಬಹಳ ಮಂದಿ. ಅವರ ಪಾಲಿಗೂ ಇದೇ ನ್ಯಾಯ ಅನ್ವಯಿಸುತ್ತದೆ.

ಭಾಷೆಯ ಮಾತು ಬಂದದ್ದರಿಂದ ಕರ್ನಾಟಕದ್ದೇ ಆದ ಒಂದು ಮೊಕದ್ದಮೆಯನ್ನು ನೆನೆಯಬೇಕು. 1ರಿಂದ 4ನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ರಾಜ್ಯ ಸರ್ಕಾರ 1994ರ ಏಪ್ರಿಲ್ 29ರಂದು ಆದೇಶಿಸಿತು. ವಿವಾದ ಇಪ್ಪತ್ತು ವರ್ಷ ನಡೆಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಪ್ರಾಥಮಿಕ ಹಂತದಲ್ಲಿ ಯಾವ ಭಾಷೆಯಲ್ಲಿ ಕಲಿಯಬೇಕೆಂಬ ಆಯ್ಕೆ ವಾಕ್ ಸ್ವಾತಂತ್ರ್ಯದ ಭಾಗವೆಂದೂ, ಮಗುವಿನ ಪರವಾಗಿ ತಂದೆತಾಯಿಗಳು ಅದನ್ನು ಆಯ್ದುಕೊಳ್ಳಬಹುದೆಂದೂ ತೀರ್ಪಿತ್ತಿತು. ಕನ್ನಡಪರ ಚಿಂತಕರಿಗೆ ಇದು ದೊಡ್ಡ ಪೆಟ್ಟು ಎನಿಸಿತು. ಖಾಸಗಿ ಶಾಲೆಗಳು ಸಂಭ್ರಮಿಸಿದವು. ಆ ವಾದ ಇಲ್ಲಿ ಬೇಡ. ಗಮನಿಸಬೇಕಾದ ಸಂಗತಿ ಬೇರೆ. ಹಕ್ಕು ಮಗುವಿನದು, ಆದರೆ ಸರ್ಕಾರ ಮಾತಾಡಿತು, ಆಡಳಿತ ಮಂಡಳಿಗಳು ಮಾತಾಡಿದವು, ಪೋಷಕರು ಮಾತಾಡಿದರು. ಮಗುವಿನ ಧ್ವನಿ ಮಾತ್ರ ಎಲ್ಲೂ ಕೇಳಲಿಲ್ಲ.

ಇದಕ್ಕಿಂತ ಕಹಿಯಾದ ಪ್ರಕರಣ ಬೀದರಿನದು. 2020ರ ಜನವರಿಯಲ್ಲಿ ಅಲ್ಲಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯಿದೆಯ ತಿದ್ದುಪಡಿ ಕುರಿತ ಒಂದು ಕಿರುನಾಟಕ ಆಡಿದರು. ಪ್ರಾಥಮಿಕ ತರಗತಿಯ ಮಕ್ಕಳು. ನಾಟಕದಲ್ಲಿ ಪ್ರಧಾನಿಯವರ ಬಗ್ಗೆ ಅವಹೇಳನದ ಮಾತಿತ್ತೆಂದು ದೂರು ದಾಖಲಾಯಿತು. ದೇಶದ್ರೋಹದ ಆರೋಪದ ಮೇಲೆ ಮುಖ್ಯೋಪಾಧ್ಯಾಯಿನಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಜನವರಿ 30ರಂದು ಬಂಧಿಸಲಾಯಿತು. ಪೊಲೀಸರು ಶಾಲೆಗೆ ಬಂದು ಮಕ್ಕಳನ್ನು ಮತ್ತೆ ಮತ್ತೆ ಪ್ರಶ್ನಿಸಿದರು. ಸಮವಸ್ತ್ರದಲ್ಲಿ, ಆಯುಧ ಧರಿಸಿ ಮಕ್ಕಳನ್ನು ವಿಚಾರಿಸಿದ್ದು ಮೇಲ್ನೋಟಕ್ಕೆ ಬಾಲನ್ಯಾಯ ಕಾಯಿದೆಗೆ ವಿರುದ್ಧವೆಂದು ಕರ್ನಾಟಕ ಹೈಕೋರ್ಟು 2021ರ ಆಗಸ್ಟ್‌ನಲ್ಲಿ ಹೇಳಿತು. 2023ರ ಜೂನ್ 14ರಂದು ಕಲಬುರಗಿ ಪೀಠ ದೇಶದ್ರೋಹದ ಪ್ರಕರಣವನ್ನೇ ರದ್ದುಗೊಳಿಸಿತು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇತ್ತು: ಪ್ರಚಲಿತ ರಾಜಕೀಯ ವಿಷಯಗಳು ಎಳೆಯ ಮನಸ್ಸನ್ನು ಕೆಡಿಸುತ್ತವೆ, ಕಲಿಕೆಯಲ್ಲಿ ಆಸಕ್ತಿ ಬೆಳೆಸುವ ವಿಷಯಗಳನ್ನು ನಾಟಕ ಮಾಡಿಸುವುದು ಲೇಸು ಎಂಬ ಅಭಿಪ್ರಾಯ.

ಈ ಕಿವಿಮಾತಿನಲ್ಲಿ ಒಂದು ನಿಜವಾದ ಚಿಂತೆ ಇದೆ ಎಂಬುದನ್ನು ಒಪ್ಪಬೇಕು. ದೊಡ್ಡವರು ತಮ್ಮ ಮಾತನ್ನು ಮಕ್ಕಳ ಬಾಯಲ್ಲಿ ಆಡಿಸುವುದು ಮಕ್ಕಳ ವಾಕ್ ಸ್ವಾತಂತ್ರ್ಯವಾಗುವುದಿಲ್ಲ. ಯಾವ ಪಕ್ಷದವರು ಮಾಡಿದರೂ ಅದು ಬೊಂಬೆಯಾಟವೇ. ಆದರೆ ಮಕ್ಕಳು ದೇಶದ ಆಗುಹೋಗುಗಳ ಬಗ್ಗೆ ಮಾತೇ ಆಡಬಾರದು ಎಂಬಲ್ಲಿಗೆ ಅದು ಮುಟ್ಟಿದರೆ, ಸಮಾಜವಿಜ್ಞಾನದ ಪುಸ್ತಕವನ್ನೇ ಮುಚ್ಚಿಡಬೇಕಾಗುತ್ತದೆ. ಗೆರೆ ಎಳೆಯುವುದು ಕಷ್ಟವೆಂಬುದಕ್ಕೆ ಉಡುಪಿಯ ಪದವಿಪೂರ್ವ ಕಾಲೇಜಿನಿಂದ ಆರಂಭವಾದ ಹಿಜಾಬ್ ಮೊಕದ್ದಮೆಯೂ ಸಾಕ್ಷಿ. 2022ರ ಮಾರ್ಚ್ 15ರಂದು ಹೈಕೋರ್ಟು ವಿದ್ಯಾರ್ಥಿನಿಯರ ವಾದವನ್ನು ಒಪ್ಪಲಿಲ್ಲ. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬರಿಗೊಬ್ಬರು ಭಿನ್ನವಾದ ತೀರ್ಪು ಕೊಟ್ಟರು. ವಿದ್ಯಾರ್ಥಿನಿಯರ ಪರವಾಗಿ ಬರೆದ ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು ಕೇರಳದ ಆ ಮೂವರು ಮಕ್ಕಳ ಮೊಕದ್ದಮೆಯನ್ನು ಮತ್ತೆ ಎತ್ತಿಕೊಂಡಿದ್ದರು.

ಪತ್ರಿಕೆಯ ಮುಖಪುಟಕ್ಕೆ ಬರುವ ಇಂಥ ಪ್ರಕರಣಗಳು ಕೆಲವೇ. ಮಗುವಿನ ಮಾತಿನ ಹಕ್ಕು ದಿನನಿತ್ಯ ಪರೀಕ್ಷೆಗೆ ಒಳಗಾಗುವುದು ಬೇರೆ ಕಡೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಹೋಗುವ ಮಕ್ಕಳಲ್ಲಿ ಶೇಕಡ 65ರಷ್ಟು ಮಂದಿ ಶಾಲೆಯಲ್ಲಿ ಏಟು ತಿಂದಿರುವುದಾಗಿ ಹೇಳಿದ್ದರು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳಲ್ಲಿ ಬಹುಪಾಲು ಮಂದಿ ಅದನ್ನು ಯಾರಿಗೂ ಹೇಳಿರಲಿಲ್ಲ ಎಂಬುದು ಅದೇ ಅಧ್ಯಯನದಲ್ಲಿದೆ. ಇವೆರಡನ್ನೂ ಜೊತೆಗಿಟ್ಟು ನೋಡಬೇಕು. ಹೋಂವರ್ಕ್ ಅರ್ಥವಾಗಲಿಲ್ಲ ಎಂದು ಹೇಳಲು ಹೆದರುವ ಮಗು, ತನ್ನ ಮೈಮುಟ್ಟಿದವರ ಹೆಸರು ಹೇಳುವುದೆಂತು? ವರ್ಷಗಟ್ಟಲೆ 'ಬಾಯಿ ಮುಚ್ಚು' ಎಂದು ಕಲಿಸಿ, ಅನಾಹುತವಾದ ಮೇಲೆ 'ಮೊದಲೇ ಯಾಕೆ ಹೇಳಲಿಲ್ಲ' ಎಂದು ಕೇಳುವುದು ನ್ಯಾಯವಲ್ಲ. 2012ರ ಪೋಕ್ಸೋ ಕಾಯಿದೆ ಇದೆ, ಮಕ್ಕಳ ಸಹಾಯವಾಣಿ 1098 ಇದೆ. ಅವೆಲ್ಲ ಕೆಲಸ ಮಾಡುವುದು ಮಗು ಮೊದಲ ಮಾತು ಆಡಿದ ಮೇಲೆ.

ಈ ಸೀಮೆಯ ರೇಷ್ಮೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆ ದೇಶಕ್ಕೇ ಹೆಸರುವಾಸಿ. ಆ ಗೂಡು ನೂಲಾಗಬೇಕಾದರೆ ಕುದಿನೀರಿನಲ್ಲಿ ಬೇಯಿಸಿ ಎಳೆ ಬಿಚ್ಚಬೇಕು, ಆಮೇಲೆ ಹುರಿ ಮಾಡಬೇಕು. ಬಿಸಿನೀರಿಗೆ ಕೈಯಿಡುವ ಕೆಲಸಕ್ಕೂ, ಹುರಿ ಯಂತ್ರಗಳ ಸಾಲಿನ ನಡುವೆ ನಿಂತು ಕಡಿದ ಎಳೆ ಕೂಡಿಸುವ ಕೆಲಸಕ್ಕೂ ಸಣ್ಣ ಬೆರಳುಗಳು ಅಗ್ಗವಾಗಿ ಸಿಗುತ್ತಿದ್ದವು. ತಂದೆತಾಯಿ ಪಡೆದ ಮುಂಗಡಕ್ಕೆ ಮಗು ದುಡಿದು ತೀರಿಸಬೇಕಿತ್ತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ಜನವರಿಯಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಹೊರತಂದ ವರದಿಯಲ್ಲಿ ಕರ್ನಾಟಕದ ಮಕ್ಕಳ ಪಾಡೂ ಇತ್ತು. ದಿನಕ್ಕೆ 12 ಗಂಟೆ, ಅದಕ್ಕೂ ಹೆಚ್ಚು ಹೊತ್ತಿನ ದುಡಿಮೆ. ಜೀತ ಪದ್ಧತಿ ನಿಷೇಧದ ಕಾಯಿದೆ 1976ರದು, ಬಾಲಕಾರ್ಮಿಕ ಕಾಯಿದೆ 1986ರದು. ಅಂದರೆ ಕಾನೂನು ಕಾಗದದ ಮೇಲಿದ್ದಾಗಲೇ ಇದು ನಡೆದಿತ್ತು. ಆ ಮಕ್ಕಳ ಮಾತು ಹೊರಬಂದದ್ದು ಯಾರೋ ಹೊರಗಿನವರು ಬಂದು ಕೂತು ಕೇಳಿದಾಗ. ಅದಕ್ಕೂ ಮೊದಲು ಊರಿನಲ್ಲಿ ಎಲ್ಲರೂ ಅವರನ್ನು ನೋಡಿದ್ದರು. ಯಾರೂ ಕೇಳಿರಲಿಲ್ಲ.

ಹಾಗಾದರೆ ಕೇಳುವ ವ್ಯವಸ್ಥೆಯೊಂದನ್ನು ಕಟ್ಟಲು ಸಾಧ್ಯವೆ? ಕರ್ನಾಟಕದಲ್ಲೇ ಅದಕ್ಕೆ ಉತ್ತರ ಸಿಗುತ್ತದೆ. 1990ರಲ್ಲಿ ದುಡಿಯುವ ಮಕ್ಕಳು 'ಭೀಮ ಸಂಘ' ಎಂಬ ತಮ್ಮದೇ ಸಂಘ ಕಟ್ಟಿಕೊಂಡರು. ಅವರ ಬೆನ್ನಿಗೆ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ ಇತ್ತು. ಆ ದಶಕದ ನಡುವೆ ಕೆರಾಡಿ ಮುಂತಾದ ಕಡೆ ಮಕ್ಕಳ ಪಂಚಾಯಿತಿಗಳು ಹುಟ್ಟಿಕೊಂಡವು. ಮಳೆಗಾಲದಲ್ಲಿ ಹಳ್ಳ ತುಂಬಿ ಶಾಲೆಗೆ ಹೋಗಲಾಗದ್ದನ್ನು ಮಕ್ಕಳು ಪಂಚಾಯಿತಿಯ ಮುಂದಿಟ್ಟರು, ಕಾಲುಸಂಕಗಳನ್ನು ಕೇಳಿ ಪಡೆದರು. ಹತ್ತನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಮಕ್ಕಳೇ ಊರೂರು ತಿರುಗಿ ಮಾಹಿತಿ ಕೂಡಿಸಿ ತಮ್ಮ ಪಂಚಾಯಿತಿಗೆ ಯೋಜನೆ ಬರೆದುಕೊಟ್ಟರು. ದೊಡ್ಡವರ ಯೋಜನೆಯಲ್ಲಿ ಹೊಳೆಗೆ ದೊಡ್ಡ ಸೇತುವೆ ಇರುತ್ತದೆ. ದಿನಾ ಹಳ್ಳ ದಾಟುವ ಮಗುವಿಗೆ ಮಾತ್ರ ಕಾಲುಸಂಕ ಎಲ್ಲಿ ಬೇಕೆಂದು ಗೊತ್ತಿರುತ್ತದೆ.

ಇಂಥ ಅನುಭವಗಳ ಬೆನ್ನಲ್ಲೇ ರಾಜ್ಯ ಸರ್ಕಾರ 2006ರಿಂದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ವ್ಯವಸ್ಥೆ ತಂದಿತು. ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ, ಪಂಚಾಯಿತಿ ಅಧ್ಯಕ್ಷರು, ಸದಸ್ಯರು, ಇಲಾಖೆಗಳ ಅಧಿಕಾರಿಗಳು ಕೂತಿರುವಾಗ ಶಾಲೆಯ ಮಕ್ಕಳು ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ. ಶೌಚಾಲಯದಲ್ಲಿ ನೀರಿಲ್ಲ, ಶಾಲೆಗೆ ಕಾಂಪೌಂಡಿಲ್ಲ, ಬಸ್ಸು ನಿಲ್ಲಿಸುವುದಿಲ್ಲ, ಶಾಲೆಯ ಪಕ್ಕ ಮದ್ಯ ಮಾರುತ್ತಾರೆ - ಇವು ನಾಡಿನ ಬಹುತೇಕ ಸಭೆಗಳಲ್ಲಿ ಕೇಳಿಬರುವ ಮಾತುಗಳು. ಈ ನಾಲ್ಕು ತಾಲ್ಲೂಕುಗಳಿಗೆ ಅವುಗಳದೇ ಮಾತುಗಳಿವೆ. ಕನಕಪುರ, ಚನ್ನಪಟ್ಟಣಗಳ ಕಾಡಂಚಿನ ಊರುಗಳಲ್ಲಿ ಆನೆ ಬಂದ ದಿನ ಶಾಲೆಯ ದಾರಿಯ ಗತಿಯೇನು? ಮಾಗಡಿಯ ಬಂಡೆಗಳ ಬದಿಯಲ್ಲಿ ಚಿರತೆಯ ಭಯವಿರುವಾಗ ಸಂಜೆಯ ವಿಶೇಷ ತರಗತಿ ಎಷ್ಟು ಹೊತ್ತಿಗೆ ಮುಗಿಯಬೇಕು? 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಬಿಡದಿಯಿಂದ ಚನ್ನಪಟ್ಟಣದವರೆಗಿನ ಹಳ್ಳಿಯ ಮಕ್ಕಳು ದಾಟುವುದೆಲ್ಲಿ? ಇವಕ್ಕೆ ಉತ್ತರ ಕೊಡಬೇಕಾದವರು ಒಬ್ಬರಲ್ಲ. ಅರಣ್ಯ ಇಲಾಖೆ, ಸಾರಿಗೆ ಸಂಸ್ಥೆ, ಹೆದ್ದಾರಿ ಪ್ರಾಧಿಕಾರ ಎಲ್ಲರೂ ಸೇರುತ್ತಾರೆ. ಎಲ್ಲರಿಗೂ ಒಟ್ಟಿಗೆ ಪ್ರಶ್ನೆ ಹಾಕುವ ವೇದಿಕೆ ಮಗುವಿಗೆ ವರ್ಷಕ್ಕೆ ಒಮ್ಮೆಯಾದರೂ ಸಿಕ್ಕಿದೆ.

ಈ ವ್ಯವಸ್ಥೆ ಹಾಳಾಗಲು ಮೂರು ದಾರಿಗಳಿವೆ. ಪ್ರಶ್ನೆಯನ್ನು ಮೇಷ್ಟರೇ ಬರೆದುಕೊಟ್ಟು ಮಗುವಿನಿಂದ ಬಾಯಿಪಾಠ ಮಾಡಿಸುವುದು ಮೊದಲನೆಯದು. ಅಲ್ಲಿ ಶಾಲೆಯ ಕೊರತೆ ಬಂದೀತು, ಶಾಲೆಯೊಳಗಿನ ಬೆತ್ತ ಎಂದೂ ಬರುವುದಿಲ್ಲ. ಎರಡನೆಯದು, ಕೇಳಿದ ಮಗುವಿಗೆ ಮಾರನೆಯ ದಿನ ತೊಂದರೆ ಕೊಡುವುದು. 'ಪಂಚಾಯಿತಿಯಲ್ಲಿ ನಮ್ಮ ಮಾನ ತೆಗೆದೆಯಲ್ಲ' ಎಂಬ ಒಂದು ಮಾತು ಸಾಕು, ಮುಂದಿನ ವರ್ಷ ಇಡೀ ಶಾಲೆ ಮೌನವಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ಸಾಮಾನ್ಯವಾದದ್ದು: 'ನೋಡೋಣ, ಮಾಡೋಣ' ಎಂದು ಹೇಳಿ ಮರೆಯುವುದು. ಐದನೆಯ ತರಗತಿಯಲ್ಲಿ ಕೇಳಿದ ಶೌಚಾಲಯ ಏಳನೆಯ ತರಗತಿ ಮುಗಿಸಿ ಹೋಗುವಾಗಲೂ ಆಗದಿದ್ದರೆ, ಮಗು ಪ್ರಜಾಪ್ರಭುತ್ವದ ಬಗ್ಗೆ ಕಲಿಯುವ ಪಾಠ ಪುಸ್ತಕದ ಪಾಠಕ್ಕೆ ತೀರ ವಿರುದ್ಧವಾಗಿರುತ್ತದೆ. ಆದ್ದರಿಂದ ಸಭೆ ಆರಂಭವಾಗಬೇಕಾದ್ದು ಹೊಸ ಪ್ರಶ್ನೆಯಿಂದಲ್ಲ. ಕಳೆದ ವರ್ಷ ಕೇಳಿದ್ದಕ್ಕೆ ಏನು ಮಾಡಲಾಯಿತು, ಮಾಡದಿದ್ದರೆ ಯಾಕೆ ಎಂಬ ಲೆಕ್ಕ ಓದುವುದರಿಂದ. ಆಗದ ಕೆಲಸಕ್ಕೆ ಆಗುವುದಿಲ್ಲವೆಂದು ಕಾರಣ ಸಹಿತ ಹೇಳುವುದೂ ಮಗುವಿಗೆ ಕೊಡುವ ಮರ್ಯಾದೆಯೇ.

ಶಿಕ್ಷಕರ ಕಷ್ಟವನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳಬೇಕು, ನಡುವೆ ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆಯ ಕೆಲಸ. ಎಲ್ಲರೂ ಒಟ್ಟಿಗೆ ಮಾತಾಡಿದರೆ ಪಾಠ ನಡೆಯುವುದಾದರೂ ಹೇಗೆ? ಸರಿಯಾದ ಪ್ರಶ್ನೆಯೇ. ಆದರೆ ಒಬ್ಬರಾದ ಮೇಲೆ ಒಬ್ಬರು ಮಾತಾಡುವುದು, ಇನ್ನೊಬ್ಬರು ಮುಗಿಸುವವರೆಗೆ ಕಾಯುವುದು, ಒಪ್ಪದ್ದನ್ನು ಬೈಯದೆ ಹೇಳುವುದು - ಇದೂ ಶಿಸ್ತು. ಬಾಯಿ ಮುಚ್ಚಿಸುವ ಶಿಸ್ತಿಗಿಂತ ಇದು ಕಷ್ಟದ್ದು, ಆದರೆ ಮಾತಾಡಲು ಅವಕಾಶವಿದ್ದ ಕಡೆ ಮಾತ್ರ ಕಲಿಸಬಹುದಾದದ್ದು. ಮಾತಿನ ಹಕ್ಕಿಗೆ ಮಿತಿಯೂ ಉಂಟು. ಸಹಪಾಠಿಯ ಜಾತಿ, ಬಣ್ಣ, ಅಂಗವೈಕಲ್ಯ ಹಿಡಿದು ಹೀಯಾಳಿಸುವುದು ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ನಡೆಯಕೂಡದು. ಅದು ಇನ್ನೊಂದು ಮಗುವಿನ ಬಾಯಿ ಮುಚ್ಚಿಸುವ ಕೆಲಸ.

ಇದಕ್ಕೆಲ್ಲ ದೊಡ್ಡ ಖರ್ಚೇನೂ ಬೇಕಿಲ್ಲ. ಎಷ್ಟೋ ಶಾಲೆಗಳ ಗೋಡೆಯ ಮೇಲೆ ಸಲಹಾ ಪೆಟ್ಟಿಗೆ ಈಗಾಗಲೇ ಇದೆ. ಅದರ ಬೀಗದ ಕೈ ಯಾರ ಬಳಿ ಇರಬೇಕು ಎಂಬುದು ಮುಖ್ಯ. ದೂರು ಯಾರ ಮೇಲೆ ಬರಬಹುದೋ ಅವರ ಬಳಿಯೇ ಇದ್ದರೆ ಪೆಟ್ಟಿಗೆ ಸದಾ ಖಾಲಿಯಾಗಿರುತ್ತದೆ. ಶಾಲಾಭಿವೃದ್ಧಿ ಸಮಿತಿಯ ತಾಯಂದಿರೊಬ್ಬರ ಮುಂದೆ, ತಿಂಗಳಿಗೊಂದು ಗೊತ್ತಾದ ದಿನ ಅದನ್ನು ತೆರೆಯಬಹುದು. ಮಕ್ಕಳ ಸಂಸತ್ತಿನ ಮಂತ್ರಿಗಳಿಗೆ ಚಪ್ಪಲಿ ಜೋಡಿಸುವ, ಗಂಟೆ ಬಾರಿಸುವ ಕೆಲಸದ ಜೊತೆಗೆ ಬಿಸಿಯೂಟದ ರುಚಿ, ಕುಡಿಯುವ ನೀರಿನ ಬಗ್ಗೆ ಲಿಖಿತವಾಗಿ ಹೇಳುವ ಅಧಿಕಾರ ಕೊಡಬಹುದು. ಪಾಠ ಮುಗಿದ ಮೇಲೆ 'ಅರ್ಥವಾಯಿತೇ?' ಎಂದು ಕೇಳಿದರೆ ಇಡೀ ತರಗತಿ 'ಆಯ್ತು ಸಾರ್' ಎಂದು ರಾಗವಾಗಿ ಹೇಳುತ್ತದೆ. 'ಯಾವುದು ಅರ್ಥವಾಗಲಿಲ್ಲ?' ಎಂದು ಕೇಳಿ ಅರ್ಧ ನಿಮಿಷ ಕಾದರೆ ಹಿಂದಿನ ಸಾಲಿನಿಂದ ಒಂದು ಕೈ ಮೇಲೇಳಬಹುದು. ಆ ಕೈ ಎತ್ತಿದ ಮಗುವಿಗೆ ಅಂದು ನಗೆಪಾಟಲಾಗದೆ ಉತ್ತರ ಸಿಕ್ಕರೆ, ನಾಳೆ ಅದಕ್ಕಿಂತ ಕಷ್ಟದ ಸಂಗತಿಯೊಂದನ್ನು ಹೇಳಬೇಕಾಗಿ ಬಂದಾಗಲೂ ಅದು ಅದೇ ಮೇಷ್ಟರ ಬಳಿಗೆ ಬರುತ್ತದೆ.